ಗ್ಯಾರೇಜಿನ ಬಾಗಲಾ ಸುಮ್ನ ಹಠಾ ಮಾಡಂಗಿಲ್ಲ

ಮಗಳ ಬಾಣಂತನಕ್ಕಂತ, ಇಲ್ಲಾ ಮೊಮ್ಮಕ್ಕಳನ್ನ ನೋಡ್ಕೊಳ್ಳಿಕ್ಕಂತ ಅಮೆರಿಕಾಕ್ಕ ಹೋಗಿ ಬಂದ ನಮ್ಮ ಹೆಣ್ಣಮಕ್ಕಳನ್ನ ಯಾರನ್ನ ಬೇಕಾದ್ರೂ ಕೇಳ್ರಿ. ಅಲ್ಲಿಯ ಒಲಿ ಎರಡು ದಿನದಾಗ ರೂಢಿ ಆಗ್ತದ. ಭಾಂಡಿ ತೊಳಿಯೋ ಮಶೀನು ಒಂದು ವಾರದಾಗ ರೂಢಿ ಆಗ್ತದ. ಗ್ಯಾರೇಜಿನ ಬಾಗಲಾ ಮಾತ್ರ ಆರು ತಿಂಗಳಾದ್ರೂ ಪರಕೀನ. ಬಟನ್ ಒತ್ತಿದ್ರ ಹದಿನಾರು ಫೂಟಿನ ಗ್ವಾಡಿನ ಎದ್ದು ಹೋದಂಗ ಮ್ಯಾಲೆ ಹೋಗ್ತದ, ಇನ್ನೊಮ್ಮೆ ಒತ್ತಿದ್ರ ಇಳೀತದ. ಒಂದೊಂದು ದಿನ ಅರ್ಧಾ ಇಳದು, ಏನೋ ಮರತು ಬಂದವರಂಗ ನಿಂತು, ಮತ್ತ ಮ್ಯಾಲೆ ಹೋಗಿ ಕೂಡ್ತದ. ಮಗಳು, ಅಳಿಯ ಇಬ್ಬರೂ ಕೆಲಸಕ್ಕ ಹೋಗಿರ್ತಾರ. ಮನ್ಯಾಗ ನಾವು, ಕೂಸು, ಮತ್ತ ಬಾಯಿ ತಗದು ನಿಂತ ಗ್ಯಾರೇಜು.

ಅಕ್ಕಂದ್ರ, ವೈನಿಂದ್ರ, ಈ ಬಾಗಲದ ಜೋಡಿ ಜಗಳಾ ತಗಿಯೂಕಿಂತ ಮೊದಲು ಅದರ ಕಥಿ ಒಂದಿಷ್ಟು ಕೇಳ್ರಿ. ನೂರು ವರ್ಷದ ಬಾಗಲಾ ಅದು. ಅದರಾಗಿನ ಒಂದೊಂದು ಸಾಮಾನೂ ಒಂದೊಂದು ಕಾಲದಾಗ, ಒಂದೊಂದು ತ್ರಾಸಿಗೆ ಉತ್ತರಾ ಅಂತ ಬಂದು ಸೇರಿಕೊಂಡದ್ದು. ಕೆಲವು ಅನುಕೂಲಕ್ಕ ಬಂದ್ವು. ಕೆಲವು ಸಾವು ಕಂಡ ಮ್ಯಾಲೆ ಬಂದ್ವು. ಯಾವುದು ಯಾಕ ಬಂತು ಅನ್ನೂದು ಗೊತ್ತಿದ್ರ, ಬಾಗಲಾ ನಿಂತಾಗ ಯಾವುದನ್ನ ನಾವ ಸರಿ ಮಾಡಬಹುದು, ಯಾವುದನ್ನ ಕೈಲೆ ಮುಟ್ಟಬಾರದು, ಯಾವುದರ ಬಾಯಿ ಎಂದೂ ಮುಚ್ಚಸಬಾರದು ಅನ್ನೂದು ತಾನ ತಿಳೀತದ.

ಕುದುರಿ ಲಾಯದಿಂದ ಕಾರಿನ ಮನಿಗೆ

ಗ್ಯಾರೇಜ್ ಅನ್ನೋ ಶಬ್ದ ಫ್ರೆಂಚರದು. ಗಾಡಿಯನ್ನ ಆಸರದಾಗ ಇಡೂದು ಅನ್ನೋ ಅರ್ಥದ ಮಾತಿನಿಂದ ಹುಟ್ಟಿದ್ದು. ಅಮೆರಿಕಾದಾಗ ಮೊದಮೊದಲು ಕಾರು ಕೊಂಡವರು ಅದನ್ನ ಕುದುರಿ, ಸಾರೋಟು ಇಡೋ ಕಡೆನ ಇಡ್ತಿದ್ರು. 1908ರಾಗ ಫೋರ್ಡ್ ಕಂಪನಿಯ ಮಾಡೆಲ್ ಟಿ ಬಂತು, ಸಾದಾ ಮನಿಗೋಳಿಗೂ ಕಾರು ಬರ್ಲಿಕ್ಕೆ ಶುರು ಆತು. ಆಗ ಕಾರಿಗಂತನ ಹಿತ್ತಲದಾಗ ಒಂದು ಸಣ್ಣ ಮನಿ ಕಟ್ಟಿಸಿದ್ರು. ಮನಿ ಹೊಸಾದು, ಬಾಗಲಾ ಮಾತ್ರ ಹಳೆ ಲಾಯದ್ದ: ಎರಡು ಕದಾ, ಬಿಜಾಗ್ರಿ ಮ್ಯಾಲೆ ಹೊರಗ ತಗಿಯೋವಂಥಾವು.

ಇಷ್ಟು ಅಗಲದ ಕದಾ ಬಿಜಾಗ್ರಿಗೆ ಜೋತು ಬಿದ್ದ್ರ ಏನಾಗ್ತದ ಅಂತ ನಮಗೇನು ಹೊಸದಾಗಿ ಹೇಳೂದು ಬ್ಯಾಡ. ಕೆಲವು ದಿನದಾಗ ಜಗ್ಗಿ ನೆಲಾ ಕೆರೀತಾವ. ಅದರ ಮ್ಯಾಲೆ ಅಲ್ಲಿ ಹಿಮಾ. ರಾತ್ರಿ ಬಿದ್ದ ಹಿಮಾ ಮೊಣಕಾಲ ತನಕ ನಿಂತಿದ್ರ ಹೊರಗ ತಗಿಯೋ ಕದಾ ತಗಿಯೂದು ಹೆಂಗ? ಮೊದಲು ಸಲಕಿ ಹಿಡದು ಹಿಮಾ ಬಳೀಬೇಕು, ಆಮ್ಯಾಲೆ ಕದಾ, ಆಮ್ಯಾಲೆ ಕಾರು.

1921ರಾಗ ಸಿ. ಜಿ. ಜಾನ್ಸನ್ ಅನ್ನೋರು ಇದಕ್ಕೊಂದು ಉಪಾಯ ತಗದ್ರು. ಬಾಗಲಾ ಹೊರಗೂ ಬ್ಯಾಡ, ಒಳಗೂ ಬ್ಯಾಡ, ಮ್ಯಾಲೆ ಹೋಗ್ಲಿ ಅಂದ್ರು. ನಮ್ಮ ಪ್ಯಾಟಿ ಅಂಗಡಿಗೋಳ ಶಟರ್ ಚಾಪಿಯಂಗ ಸುತ್ತಕೋತದಲ್ಲಾ, ಇದು ಹಂಗ ಸುತ್ತಂಗಿಲ್ಲ. ನಾಕೈದು ಅಡ್ಡ ಹಲಗಿ ಒಂದಕ್ಕೊಂದು ಬಿಜಾಗ್ರಿಲೆ ಜೋಡಿಸಿರ್ತಾರ. ಹಲಗಿಯ ಎರಡೂ ತುದಿಗೆ ಸಣ್ಣ ಗಾಲಿ. ಆ ಗಾಲಿ ಗ್ವಾಡಿ ಹಳಿಯಾಗ ನೆಟ್ಟಗ ಏರಿ, ಮೂಲ್ಯಾಗ ಬಾಗಿ, ಛತ್ತಿನ ಕೆಳಗ ಅಡ್ಡ ಆಗ್ತಾವ. ತಗದಾಗ ಬಾಗಲಾ ನಿಮ್ಮ ತಲಿ ಮ್ಯಾಲೆ ಮಲಗಿರ್ತದ. ಹೊರಗ ಹಿಮಾ ಎಷ್ಟರ ಇರ್ಲಿ, ಅದಕ್ಕೇನೂ ಅಡ್ಡಿ ಇಲ್ಲ.

ಇವತ್ತು ಬಾಗಲಾ ಗರ್ ಗರ್ ಅಂತ ಸಪ್ಪಳಾ ಮಾಡಿ ಒಂದ ಬಾಜು ಸೊಟ್ಟಗ ಏರ್ಲಿಕತ್ತದ ಅಂದ್ರ ಆ ಗಾಲಿ, ಆ ಹಳಿ ನೋಡ್ಬೇಕು. ಹಳಿಯಾಗ ಧೂಳು, ಎಲಿ, ಹುಡುಗ್ರ ಚೆಂಡು ಏನರ ಸಿಕ್ಕೊಂಡಿದ್ರ ತಗದು ಒಣಾ ಅರಬಿಲೆ ಒರಸ್ರಿ. ಗಾಲಿ ಹಳಿ ಬಿಟ್ಟು ಹೊರಗ ಬಂದಿದ್ರ, ಇಲ್ಲಾ ಬಾಜೂದ ಉಕ್ಕಿನ ಹಗ್ಗ ಸಡಲಾಗಿ ಜೋತಿದ್ರ, ಅಲ್ಲಿಗೆ ಕೈ ಬಿಡ್ರಿ. ಬಟನ್ ಇನ್ನೊಮ್ಮೆ ಒತ್ತಬ್ಯಾಡ್ರಿ. ರಿಪೇರಿಯವರನ್ನ ಕರಸ್ರಿ.

ವಜ್ಜಾ ಹೊರೂದು ಮೋಟಾರಲ್ಲ

ಮ್ಯಾಲೆ ಏಳೋ ಬಾಗಲದ ಖರೆ ಗುಟ್ಟು ಸ್ಪ್ರಿಂಗು. ಎರಡು ಕಾರು ಹಿಡಿಯೋ ಉಕ್ಕಿನ ಬಾಗಲಾ ಅಂದ್ರ ಸುಮಾರು 70 ಕಿಲೋ, ಕಟಗಿದಾದ್ರ 100 ಕಿಲೋ ದಾಟ್ತದ. 25 ಕಿಲೋದ ಮೂರು ನಾಕು ಅಕ್ಕಿ ಚೀಲ ಒಟ್ಟಿಗೆ ಎತ್ತಿದಂಗ. ಅಷ್ಟು ವಜ್ಜಾ ದಿನಾ ಯಾರು ಎತ್ತಬೇಕು? ಅದಕ್ಕ ಬಾಗಲದ ಮ್ಯಾಲಿನ ಗ್ವಾಡಿಗೆ ಒಂದು ಸಳಿ ಹಾಕಿ, ಅದರ ಸುತ್ತ ದಪ್ಪ ಸ್ಪ್ರಿಂಗ್ ಬಿಗಿದು ತಿರುವಿ ಇಟ್ಟಿರ್ತಾರ. ಕೆಲವು ಮನ್ಯಾಗ ಎರಡೂ ಬಾಜೂ ಹಳಿ ಮ್ಯಾಲೆ ಉದ್ದಕ ಜಗ್ಗೋ ಸ್ಪ್ರಿಂಗ್ ಇರ್ತಾವ. ತಕ್ಕಡಿ ಇದ್ದಂಗ ತಿಳೀರಿ: ಒಂದು ತಟ್ಟಿಯೊಳಗ ಬಾಗಲಾ, ಇನ್ನೊಂದು ತಟ್ಟಿಯೊಳಗ ಸ್ಪ್ರಿಂಗಿನ ಬಿಗುವು. ಎರಡೂ ಸಮ ಇದ್ರ ಅಷ್ಟು ದೊಡ್ಡ ಬಾಗಲಾನೂ ಒಂದು ಕೈಲೆ ಏಳ್ತದ.

ಮೋಟಾರು ಬಂದದ್ದು ಐದು ವರ್ಷ ಆದ ಮ್ಯಾಲೆ. 1926ರಾಗ ಅದ ಜಾನ್ಸನ್ ಅವರು ಇಂಡಿಯಾನಾ ರಾಜ್ಯದ ಹಾರ್ಟ್‌ಫರ್ಡ್ ಸಿಟಿಯೊಳಗ ವಿದ್ಯುತ್ತಿನಿಂದ ಬಾಗಲಾ ನಡಸೋ ಮಶೀನು ತಂದ್ರು. ಹಂಗಂದ್ರ ಲೆಕ್ಕ ನೋಡ್ರಿ. ಬಾಗಲಾ ಮೋಟಾರಿಲ್ಲದನ ಐದು ವರ್ಷ ಏರಿ ಇಳದದ. ಮೋಟಾರು ಬಾಗಲಾ ಹೊರ್ಲಿಕ್ಕೆ ಬಂದದ್ದಲ್ಲ. ಸಮತೂಕದ ಬಾಗಲಕ್ಕ ಒಂದಿಷ್ಟು ದೂಡಿ ಕೊಡ್ಲಿಕ್ಕೆ ಬಂದದ್ದು. ಇವತ್ತಿಗೂ ಅದರ ಕೆಲಸ ಅಷ್ಟ.

ಇದು ತಲ್ಯಾಗ ಇದ್ರ ಭಾಳ ದೊಡ್ಡ ಅನಾಹುತ ತಪ್ಪತದ. ಚಳಿಗಾಲದ ಮುಂಜಾನೆ ಗ್ಯಾರೇಜಿನಾಗ ಪಟಾಕ್ಷಿ ಹೊಡದಂಗ ಧಡ್ ಅಂತ ಸಪ್ಪಳಾ ಬಂತು. ಆಮ್ಯಾಲೆ ಬಟನ್ ಒತ್ತಿದ್ರ ಬಾಗಲಾ ಐದಾರು ಇಂಚು ಎದ್ದು ನಿಂತಬಿಡ್ತು. ಮ್ಯಾಲೆ ನೋಡಿದ್ರ ಸುರುಳಿ ಸ್ಪ್ರಿಂಗಿನ ನಡಬರಕ ಎರಡು ಬಟ್ಟಿನಷ್ಟು ಸಂದಿ. ಸ್ಪ್ರಿಂಗ್ ಹರದದ, ಮೋಟಾರು ಕೆಟ್ಟಿಲ್ಲ. ಈಗ ತಕ್ಕಡಿಯ ಒಂದು ತಟ್ಟಿನ ಇಲ್ಲ. ಮತ್ತ ಮತ್ತ ಬಟನ್ ಒತ್ತಿದ್ರ ಮೋಟಾರಿನ ಹಲ್ಲಿನ ಗಾಲಿ ಸವದು ಅದೂ ಹೋಗ್ತದ. ಆ ಸ್ಪ್ರಿಂಗಿನ ಬೋಲ್ಟು, ಬಾಗಲದ ಬುಡದಾಗ ಉಕ್ಕಿನ ಹಗ್ಗ ಕಟ್ಟಿದ ಪಟ್ಟಿ, ಇವೆರಡನ್ನೂ ಮನಿ ಗಂಡಸರು ಪಾನಾ ತಗೊಂಡು ಬಂದ್ರೂ ಮುಟ್ಟಗೊಡಬ್ಯಾಡ್ರಿ. ಬಾಗಲದ ಇಡೀ ವಜ್ಜಾ ಅಲ್ಲಿ ಬಿಗುವಾಗಿ ಕೂತಿರ್ತದ. ಸಡಲಿದ್ರ ಕೈ, ಮುಖಾ ಏನೂ ನೋಡಂಗಿಲ್ಲ. ಅದಕ್ಕ ಕಲತವರ ಬೇಕು.

ಸಾಮಾನ್ಯ ಸ್ಪ್ರಿಂಗ್ 10,000 ಸಲ ತಗದು ಹಾಕ್ಲಿಕ್ಕೆ ಅಂತ ಲೆಕ್ಕ ಹಾಕಿ ಮಾಡಿರ್ತಾರ. ದಿನಕ್ಕ ನಾಕು ಸಲ ಅಂದ್ರ ಹೆಚ್ಚುಕಡಿಮಿ ಏಳು ವರ್ಷ. ಕಾರು ಹೋಗೂದು ಬರೂದು, ಹುಡುಗ್ರ ಸೈಕಲ್ಲು, ಕಸದ ಡಬ್ಬಿ ಎಲ್ಲಾದಕ್ಕೂ ಅದ ಬಾಗಲಾ ಆದ್ರ ಇನ್ನೂ ಲಗೂನ. ಮಗಳ ಮನಿ ಕಟ್ಟಿ ಎಂಟು ವರ್ಷ ಆಗಿ, ಸ್ಪ್ರಿಂಗ್ ಮೊದಲಿಂದ ಅದ ಇದ್ರ, ಹರಿಯೂಕಿಂತ ಮೊದಲ ನೋಡಸ್ರಿ ಅಂತ ಹೇಳ್ರಿ.

ಬಾಜೂದವರ ಬಾಗಲಾ ತಗಿಯೋ ಬಟನ್ನು

ಎರಡನೇ ಮಹಾಯುದ್ಧ ಮುಗದ ಮ್ಯಾಲೆ ಅಮೆರಿಕಾದ ಊರುಗೋಳು ಹೊರಹೊರಗ ಬೆಳದ್ವು. ಕಾರಿಲ್ಲದ ಹಾಲು ತರ್ಲಿಕ್ಕೂ ಹೋಗಂಗಿಲ್ಲ ಅನ್ನೋವಂಥಾ ಓಣಿಗೋಳು ಆದ್ವು. ಹಿತ್ತಲದಾಗ ಇದ್ದ ಗ್ಯಾರೇಜು ಮನಿಗೆ ಹತ್ತಿ, ಮನಿಯ ಮುಂದ ಬಂತು. ನಮ್ಮ ಕಡೆ ತಲಬಾಗಲಕ್ಕ ಹೊಸ್ತಲಾ, ತೋರಣ, ರಂಗೋಲಿ. ಅಲ್ಲಿ ಎಷ್ಟೋ ಮನಿಗೋಳಿಗೆ ತಲಬಾಗಲಾ ಇರೂದು ಬರೆ ಬೀಗರಿಗೆ, ಪೋಸ್ಟಿನವಗ. ಮನಿ ಮಂದಿ ದಿನಾ ಒಳಗ ಹೊರಗ ಆಗೂದು ಗ್ಯಾರೇಜಿನಿಂದ.

ಅಂದಮ್ಯಾಲೆ ಮಳ್ಯಾಗ ಇಳದು ಬಾಗಲಾ ತಗಿಯೂದು ಯಾರಿಗೆ ಬೇಕು? ಕಾರಿನಾಗ ಕೂತನ ರೇಡಿಯೋ ಬಟನ್ ಒತ್ತಿ ತಗಿಯೋ ಪದ್ಧತಿ ಹಬ್ಬಿತು. ಹಳೆ ರಿಮೋಟುಗೋಳಿಗೆ ಬುದ್ಧಿ ಕಡಿಮಿ. ಒಂದ ತರದ ರೇಡಿಯೋ ಅಲೆ ಕೇಳಿದ್ರ ಸಾಕು, ಬಾಗಲಾ ಏಳ್ತಿತ್ತು. ನೀವು ನಿಮ್ಮ ಬಟನ್ ಒತ್ತಿದ್ರ ಬಾಜೂ ಮನಿಯವರ ಗ್ಯಾರೇಜು ತಗೀತಿತ್ತು. ಅದಕ್ಕ ರಿಮೋಟಿನ ಒಳಗ ಎಂಟು, ಹತ್ತು, ಹನ್ನೆರಡು ಸಣ್ಣ ಸ್ವಿಚ್ ಇಟ್ರು. ಯಾವುದು ಮ್ಯಾಲೆ, ಯಾವುದು ಕೆಳಗ ಅನ್ನೂದು ನಿಮ್ಮ ಮನಿಯ ಗುಟ್ಟು. ಎಂಟು ಸ್ವಿಚ್ ಅಂದ್ರ 256 ತರಾ, ಹನ್ನೆರಡಾದ್ರ 4,096 ತರಾ. ಬಾಜೂದವರಿಗೆ ಅಷ್ಟು ಸಾಕು, ಕಳ್ಳರಿಗೆ ಸಾಲಂಗಿಲ್ಲ. 1990ರ ದಶಕದಾಗ ಪ್ರತಿ ಸಲ ಒತ್ತಿದಾಗ ಗುಟ್ಟು ಬದಲಾಗೋ ರಿಮೋಟ್ ಬಂತು. ಹಳೇವು ಎಷ್ಟು ಸಡಲು ಅಂತ 2015ರಾಗ ಸ್ಯಾಮಿ ಕಾಮ್ಕರ್ ಅನ್ನೋ ತಜ್ಞರು ತೋರಿಸಿಕೊಟ್ರು. ಹುಡುಗ್ರ ಆಟಗಿ ಸಾಮಾನೊಂದನ್ನ ಬದಲಿ ಮಾಡಿ, ಹತ್ತು ಸೆಕೆಂಡಿನ ಒಳಗ ಹಳೆ ತರದ ಬಾಗಲಾ ತಗದ್ರು. ನಿಮ್ಮವರ ಮನಿ ರಿಮೋಟಿನ ಹಿಂದ ಆ ಸಣ್ಣ ಸ್ವಿಚ್ಚಿನ ಸಾಲು ಇದ್ರ, ಬದಲಿ ಮಾಡೋ ಕಾಲ ಬಂದದ ಅಂತ ತಿಳೀರಿ.

ರೇಡಿಯೋ ಅಂದಮ್ಯಾಲೆ ಇನ್ನೊಬ್ಬರ ಸದ್ದು ಕೇಳೂದೂ ಅದ. 2004ರಾಗ ಫ್ಲೋರಿಡಾದ ಎಗ್ಲಿನ್ ವಾಯುನೆಲಿಯ ಸುತ್ತಮುತ್ತಲಿನ ಮನಿಗೋಳಾಗ ರಿಮೋಟುಗೋಳು ಒಮ್ಮೆಲೆ ಕೆಲಸ ಬಿಟ್ವು. ಸೈನ್ಯದವರು ಹೊಸಾ ರೇಡಿಯೋ ಶುರು ಮಾಡಿದ್ರು. ಅದರ ಅಲೆ, ರಿಮೋಟಿನ ಅಲೆ ಅಕ್ಕಪಕ್ಕದಾವು. ದೊಡ್ಡವರ ದನಿಯಾಗ ಸಣ್ಣವರ ದನಿ ಮುಳುಗಿತು. ಆ ಅಲೆ ಮೊದಲಿಂದ ಸರಕಾರದ್ದ. ಮನಿ ರಿಮೋಟುಗೋಳು ಲೈಸನ್ಸ್ ಇಲ್ಲದ, ಅಡ್ಡಿ ಬಂದ್ರ ಸಹಿಸಿಕೊಳ್ಳೋ ಶರತ್ತಿನ ಮ್ಯಾಲೆ ಅಲ್ಲಿ ಕೂತಿದ್ವು. ಅದಕ್ಕ ತಯಾರಕರ ಬ್ಯಾರೆ ಅಲೆ ಹುಡುಕ್ಕೊಬೇಕಾತು.

ನಮ್ಮ ಮನ್ಯಾಗ ಸೈನ್ಯ ಬರಂಗಿಲ್ಲ, ಎಲ್‌ಇಡಿ ಬಲ್ಬ್ ಬರ್ತದ. ಮೋಟಾರಿನ ಡಬ್ಬಿಗೆ ಹಾಕಿದ ಕೆಲವು ಎಲ್‌ಇಡಿ ಬಲ್ಬು ಅಂಥದ್ದ ಸದ್ದು ಮಾಡ್ತಾವ. ಬಲ್ಬ್ ಬದಲಿ ಮಾಡಿದ ದಿನದಿಂದ ರಿಮೋಟ್ ಹತ್ರ ಹೋದ್ರಷ್ಟ ನಡೀತದ ಅಂದ್ರ, ಆ ಬಲ್ಬ್ ತಗದು ನೋಡ್ರಿ. ಗ್ವಾಡಿ ಬಟನ್ ನಡದು ರಿಮೋಟ್ ನಡೀಲಿಲ್ಲಂದ್ರ ಮೊದಲು ರಿಮೋಟಿನ ಬಿಲ್ಲೆ ಬ್ಯಾಟರಿ ಬದಲಿ ಮಾಡ್ರಿ. ಅದಕ್ಕೂ ಬಗ್ಗಲಿಲ್ಲಂದ್ರ ಗ್ವಾಡಿ ಬಟನ್ನಿನ ಮ್ಯಾಲೆ ಬೀಗದ ಚಿತ್ರ ಇರೋ ಸಣ್ಣ ಬಟನ್ ಅದ ಏನು ನೋಡ್ರಿ. ಊರಿಗೆ ಹೋಗೋ ಮುಂದ ಹೊರಗಿನ ರಿಮೋಟ್ ಬಂದ್ ಮಾಡ್ಲಿಕ್ಕೆ ಅದನ್ನ ಇಟ್ಟಿರ್ತಾರ. ಧೂಳು ಒರಸೋ ಮುಂದ ನಮ್ಮ ಕೈ ತಾಗಿ ಅದು ಬಿದ್ದಿರ್ತದ. ಇನ್ನೊಮ್ಮೆ ಒತ್ತಿ ಹಿಡದ್ರ ಬಿಡ್ತದ.

ಹುಡುಗ್ರ ಆಟ

ಈಗ ಈ ಕಥ್ಯಾಗ ನಾ ಬರೀಲೇಬೇಕಾದ ಮಾತಿಗೆ ಬಂದೆ. ಹಳೆ ಮೋಟಾರಿಗೆ ಎರಡ ವಿದ್ಯಾ ಗೊತ್ತಿದ್ವು, ಏರಸೂದು ಮತ್ತ ಇಳಸೂದು. ಕೆಳಗ ಏನದ ಅನ್ನೂದು ಅದಕ್ಕ ತಿಳೀತಿರಲಿಲ್ಲ. ಹುಡುಗ್ರಿಗೆ ಅದು ಆಟ ಆತು. ಬಟನ್ ಒತ್ತೂದು, ಬಾಗಲಾ ಇಳಿಯೋದ್ರಾಗ ಓಡಿ ಕೆಳಗಿಂದ ತೂರಿ ಆಚೆ ಹೋಗೂದು. ನಮ್ಮ ಹುಡುಗ್ರಾದ್ರೂ ಅದನ್ನ ಮಾಡ್ತಿದ್ವು.

ಅಮೆರಿಕಾದಾಗ ಗ್ರಾಹಕರ ಸಾಮಾನಿನ ಸುರಕ್ಷಾ ನೋಡ್ಲಿಕ್ಕೆ ಒಂದು ಸರಕಾರಿ ಆಯೋಗ ಅದ. 1982ರ ಮಾರ್ಚಿನಿಂದ ಎಣಿಸಿದ್ರ, 2 ರಿಂದ 14 ವರ್ಷದ ಸುಮಾರು 60 ಹುಡುಗ್ರು ಇಂಥಾ ಬಾಗಲದ ಕೆಳಗ ಸಿಕ್ಕು ಜೀವಾ ಕಳಕೊಂಡ್ರು ಅಂತ ಆ ಆಯೋಗ ತನ್ನ ಎಚ್ಚರಿಕಿಯೊಳಗ ಬರದದ. ಬದುಕಿ ಉಳದವರಾಗ ಕೆಲವರಿಗೆ ಮೆದುಳಿಗೆ ಕಾಯಂ ಪೆಟ್ಟಾತು. ಅದೂ ಮನಿ ಗ್ಯಾರೇಜಿನಾಗ. ಕಾರಖಾನಿ ಅಲ್ಲ, ರಸ್ತಾ ಅಲ್ಲ. ಅವ್ವ ಅಡಗಿ ಮನ್ಯಾಗ ಇದ್ದಾಗ, ಹತ್ತು ಹೆಜ್ಜಿ ಆಚೆ.

1982ರಾಗ ಒಂದು ಮಾನದಂಡ ಬಂದಿತ್ತು. ಇಳಿಯೋ ಬಾಗಲಾ ಯಾವುದಕ್ಕರ ತಾಗಿದ್ರ ಎರಡು ಸೆಕೆಂಡಿನ ಒಳಗ ತಿರುಗಿ ಮ್ಯಾಲೆ ಹೋಗ್ಬೇಕು ಅಂತ. ಆದ್ರ ಅದು ತಯಾರಕರು ತಾವಾಗೇ ಒಪ್ಪಿಕೊಳ್ಳೋ ನಿಯಮ, ಕಾನೂನಲ್ಲ. ಹಳೆ ಮೋಟಾರುಗೋಳು ಮನಿಮನ್ಯಾಗ ಹಂಗ ಉಳದ್ವು. ಹೊಸಾವೂ ಎಷ್ಟು ಒತ್ತಿದ್ರ ತಿರುಗಬೇಕು ಅನ್ನೂದು ಒಂದು ತಿರುಪಿನ ಮ್ಯಾಲೆ ನಿಂತಿತ್ತು. ಬಾಗಲಾ ಒಂದಿಷ್ಟು ಜಡ ಆತಂದ್ರ ಮಂದಿ ಆ ತಿರುಪು ಬಿಗಿ ಮಾಡಿ ಮೋಟಾರಿನ ಜೋರು ಹೆಚ್ಚಸ್ತಿದ್ರು. ಬಾಗಲಾ ಇಳೀತಿತ್ತು ಖರೆ, ಆದ್ರ ಕೂಸು ಸಿಕ್ಕ್ರೂ ಅದಕ್ಕ ತಿಳಿಯೂದು ಕಷ್ಟ ಆಗ್ತಿತ್ತು. ಇವತ್ತಿಗೂ ಆ ತಿರುಪು, ಇಲ್ಲಾ ಅದರ ಬದಲಿ ಬಟನ್ನು ಮೋಟಾರಿನ ಮ್ಯಾಲೆ ಅದ. ಬಾಗಲಾ ಜಡ ಆಗಿದ್ರ ಸ್ಪ್ರಿಂಗು, ಹಳಿ ನೋಡಸ್ರಿ. ಜೋರು ಹೆಚ್ಚಸಬ್ಯಾಡ್ರಿ.

1990ರ ನವೆಂಬರದಾಗ ಅಮೆರಿಕಾದ ಸಂಸತ್ತು ಮಾಡಿದ ಗ್ರಾಹಕ ಸುರಕ್ಷಾ ಕಾನೂನಿನಾಗ ಗ್ಯಾರೇಜ್ ಬಾಗಲಕ್ಕಂತನ ಒಂದು ಕಲಮು ಸೇರಿತು. 1991ರ ಜನವರಿ 1 ರಿಂದ ತಯಾರಾಗೋ ಪ್ರತಿಯೊಂದು ಮನಿ ಮೋಟಾರೂ ಆ ಮಾನದಂಡಕ್ಕ ಹೊಂದಲೇಬೇಕು ಅಂದ್ರು. ಮುಂದ 1993ರ ಜನವರಿ 1 ರಿಂದ ಇನ್ನೂ ಒಂದು ಹೆಜ್ಜಿ: ತಾಗಿದ ಮ್ಯಾಲೆ ತಿರುಗೂದು ಸಾಲಂಗಿಲ್ಲ, ಬಾಗಲದ ಹೊರಗೂ ಒಂದು ಕಾವಲು ಬೇಕು.

ಬೆಳಕಿನ ಹೊಸ್ತಲಾ

ಆ ಕಾವಲು ಅಂದ್ರ ಬಾಗಲದ ಎರಡೂ ಬಾಜೂ, ನೆಲದಿಂದ ಆರು ಇಂಚಿನ ಒಳಗ ಇರೋ ಎರಡು ಸಣ್ಣ ಕಣ್ಣು. ಒಂದು ಕಣ್ಣು ನಮಗ ಕಾಣದ ಬೆಳಕಿನ ಗೆರಿ ಬಿಡ್ತದ, ಇನ್ನೊಂದು ಹಿಡೀತದ. ಕಾರು ದಾಟಬೇಕಂತ ಗ್ಯಾರೇಜಿಗೆ ಹೊಸ್ತಲಾ ಇಡಂಗಿಲ್ಲ. ಆ ಹುಡುಗ್ರು ಹೋದ ಮ್ಯಾಲೆ ಅಲ್ಲಿ ಬೆಳಕಿನ ಹೊಸ್ತಲಾ ಎಳದ್ರು. ಅಂಬೆಗಾಲಿಡೋ ಕೂಸೂ ಅದನ್ನ ದಾಟದ ಹೋಗ್ಲಿಕ್ಕೆ ಆಗಬಾರದು, ಅದಕ್ಕ ಅಷ್ಟು ಕೆಳಗ. ಗೆರಿ ಹರದ್ರ ಬಾಗಲಾ ಇಳಿಯಂಗಿಲ್ಲ. ಇಳಿಯೂದಿದ್ರ ತಿರುಗಿ ಏರ್ತದ. ಮೋಟಾರಿನ ದೀಪ ಮಿಣಿಮಿಣಿ ಅಂತದ.

ಏರ್ತದ, ಇಳಿಯವಲ್ದು ಅನ್ನೋ ತಕರಾರಿನಾಗ ಹೆಚ್ಚಿನವು ಈ ಕಣ್ಣಿಂದ. ಬಗ್ಗಿ ನೋಡ್ರಿ. ಜೇಡರ ಬಲಿ ಇರ್ತದ, ಒಂದು ಒಣಗಿದ ಎಲಿ ಇರ್ತದ, ಕಸಬರಗಿಯ ಕಡ್ಡಿ ಅಡ್ಡ ನಿಂತಿರ್ತದ. ಮೆತ್ತನ ಅರಬಿಲೆ ಎರಡೂ ಕಣ್ಣು ಒರಸ್ರಿ. ಪ್ರತಿ ಕಣ್ಣಿಗೂ ಒಂದು ಸಣ್ಣ ದೀಪ ಇರ್ತದ. ಎರಡೂ ಅಲ್ಲಾಡದ ಉರೀಬೇಕು. ಒಂದು ಮಿಣುಕಿದ್ರ, ಇಲ್ಲಾ ಆರಿದ್ರ ಸೈಕಲ್ ತಾಗಿ ಒಂದು ಕಣ್ಣು ವಾರೆ ಆಗಿರ್ತದ. ಕೈಲೆ ಸಾವಕಾಶ ಎದುರಾಬದರು ತಿರುವಿದ್ರ ದೀಪ ನಿಂದ್ರತದ. ಸಂಜಿ ಹೊತ್ತಿನಾಗ ಅಷ್ಟ ಇಳಿಯವಲ್ದು ಅಂದ್ರ ಬಿಸಲು ನೆಟ್ಟಗ ಒಂದು ಕಣ್ಣಿಗೆ ಹೊಡೀಲಿಕತ್ತಿರ್ತದ. ಅಂಗೈ ಅಡ್ಡ ಹಿಡದು ನೆರಳು ಮಾಡಿ ನೋಡ್ರಿ, ಗೆರಿಗೆ ಮಾತ್ರ ಕೈ ಅಡ್ಡ ಬರಬಾರದು.

ಏನೂ ಆಗಲಿಲ್ಲ, ಹೊತ್ತು ಮುಳಗ್ಲಿಕತ್ತದ, ಬಾಗಲಾ ಹಾಕಲೇಬೇಕು ಅಂದ್ರ ಒಂದು ದಾರಿ ಕಾನೂನಿನವರ ಇಟ್ಟಾರ. ಗ್ವಾಡಿ ಬಟನ್ ಒತ್ತಿ, ಬಾಗಲಾ ಪೂರಾ ನೆಲಾ ಮುಟ್ಟೂತನಕ ಬೆರಳು ತಗೀಬ್ಯಾಡ್ರಿ. ಬೆರಳು ತಗದ್ರ ತಿರುಗಿ ಏರ್ತದ. ರಿಮೋಟಿನಿಂದ ಇದು ಆಗಂಗಿಲ್ಲ. ಯಾಕಂದ್ರ ಮಶೀನಿಗೆ ಕಣ್ಣಿಲ್ಲದಾಗ ಮನಷ್ಯಾರ ಕಣ್ಣು ಅಲ್ಲಿ ನಿಂತು ನೋಡ್ತಿರ್ಬೇಕು ಅನ್ನೂದ ಅದರ ಅರ್ಥ. ಆ ಗ್ವಾಡಿ ಬಟನ್ನೂ ನೆಲದಿಂದ ಐದು ಫೂಟ್ ಎತ್ತರ ಇರ್ಬೇಕು ಅಂತಾರ, ಹುಡುಗ್ರ ಕೈಗೆ ಸಿಗಬಾರದಂತ.

ಕೆಲವರು ಈ ಕಣ್ಣಿನ ಕಾಟಾ ಬ್ಯಾಸರಾಗಿ ಎರಡನ್ನೂ ಬಿಚ್ಚಿ, ಒಂದಕ್ಕೊಂದು ಎದುರು ಮಾಡಿ, ಟೇಪ್ ಸುತ್ತಿ ಛತ್ತಿನ ಹತ್ರ ಇಟ್ಟಿರ್ತಾರ. ಅವು ಒಂದನ್ನೊಂದು ನೋಡ್ಕೋತ ಕೂಡ್ತಾವ, ಬಾಗಲಾ ಸುಸೂತ್ರ ಇಳೀತದ. ಹಂಗ ಮಾಡಿದ್ದು ಯಾವ ಮನ್ಯಾಗರ ಕಂಡ್ರ ನಾಚಿಕಿ ಬಿಟ್ಟು ಹೇಳ್ರಿ. ಬೀಗರ ಮನಿ ಆದ್ರೂ ಹೇಳ್ರಿ. ಅವರು ರಿಪೇರಿ ಮಾಡಿಲ್ಲ, 1993ಕ್ಕಿಂತ ಹಿಂದಿನ ಕಾಲಕ್ಕ ಮನಿಯನ್ನ ಒಯ್ದು ಇಟ್ಟಾರ.

ಇನ್ನೊಂದು ತಕರಾರು ಅದ. ಬಾಗಲಾ ಪೂರಾ ಇಳದು, ನೆಲಾ ಮುಟ್ಟಿ, ಮತ್ತ ಏರ್ತದ. ಅದು ಕಣ್ಣಿನದಲ್ಲ. ನೆಲದ ಮ್ಯಾಲೆ ಹಳ್ಳೋ, ಗಟ್ಟಿಯಾದ ಹಿಮಾನೋ ಇದ್ದು ಅದಕ್ಕ ತಾಗಿ, ಏನೋ ಸಿಕ್ಕತು ಅಂತ ತಿರುಗ್ತದ. ಗುಡಿಸಿ ನೋಡ್ರಿ. ಭಾಳ ಥಂಡಿ ಇದ್ದಾಗ ಬುಡದ ರಬ್ಬರ್ ಪಟ್ಟಿ ನೆಲಕ್ಕ ಹೆಪ್ಪುಗಟ್ಟಿ ಏಳವಲ್ದಂಗನೂ ಆಗ್ತದ. ಆವಾಗ ಬಟನ್ ಮ್ಯಾಲೆ ಬಟನ್ ಒತ್ತಬ್ಯಾಡ್ರಿ. ಮೊದಲು ಪಟ್ಟಿಗೆ ಹತ್ತಿದ ಹಿಮಾ ಬಿಡಸ್ರಿ.

ಕೆಂಪು ಹಗ್ಗ

ಛತ್ತಿನ ಹಳಿಯಿಂದ ಒಂದು ಕೆಂಪು ಹಿಡಕಿಯ ಹಗ್ಗ ಜೋತಿರ್ತದ. ಬಾಗಲಾ ಮತ್ತ ಮೋಟಾರಿನ ಗಂಟು ಅದು. ಜಗ್ಗಿದ್ರ ಬಾಗಲಾ ಮೋಟಾರಿನ ಕೈ ಬಿಡ್ತದ, ಆಮ್ಯಾಲೆ 1921ರ ಬಾಗಲದಂಗ ಕೈಲೆ ಎತ್ತಬಹುದು. ಕರೆಂಟ್ ಹೋದಾಗ ಇದ ದಾರಿ. ಆದ್ರ ಬಾಗಲಾ ಕೆಳಗ ಇದ್ದಾಗ ಅಷ್ಟ ಜಗ್ಗಬೇಕು. ಬಾಗಲಾ ಮ್ಯಾಲೆ ಇದ್ದು, ಸ್ಪ್ರಿಂಗ್ ಹರದಿದ್ರ, ಹಗ್ಗ ಜಗ್ಗಿದ ಕ್ಷಣ ಇಡೀ ವಜ್ಜಾ ಧೊಪ್ಪಂತ ಬೀಳ್ತದ.

ಆ ಹಗ್ಗದ್ದೂ ಒಂದು ಹೊಸಾ ಇತಿಹಾಸ ಅದ. 2017ರ ಅಕ್ಟೋಬರದಾಗ ಉತ್ತರ ಕ್ಯಾಲಿಫೋರ್ನಿಯಾದಾಗ, ಸಾಂಟಾ ರೋಸಾದ ಸುತ್ತ, ರಾತ್ರೋರಾತ್ರಿ ಕಾಡಿನ ಬೆಂಕಿ ಮನಿಗೋಳಿಗೆ ಬಂತು. ಗಾಳಿ ಜೋರು, ಕರೆಂಟ್ ಇಲ್ಲ. ವಯಸ್ಸಾದವರು ಕಾರು ಹತ್ತಿದ್ರು, ಬಾಗಲಾ ಏಳಲಿಲ್ಲ. ಗ್ಯಾರೇಜಿನ ಬಾಗಲಾ ತಗೀಲಿಕ್ಕೆ ಆಗದನ ಕಡಿಮಿ ಅಂದ್ರೂ ಐದು ಮಂದಿ ತೀರಿಕೊಂಡ್ರು ಅಂತ ಆ ರಾಜ್ಯದ ಶಾಸಕರು ಲೆಕ್ಕ ಇಟ್ರು. ಮರುವರ್ಷ ಕಾನೂನು ಆತು: 2019ರ ಜುಲೈ 1 ರಿಂದ ಕ್ಯಾಲಿಫೋರ್ನಿಯಾದಾಗ ಮಾರೋ, ಹಾಕೋ ಮನಿ ಮೋಟಾರಿಗೆ ಬ್ಯಾಟರಿ ಇರಲೇಬೇಕು. ಅಲ್ಲಿ ಸ್ಯಾನ್ ಹೋಸೆ, ಫ್ರೀಮಾಂಟ್ ಕಡೆ ನಮ್ಮ ಕನ್ನಡದ ಮನಿಗೋಳು ಎಷ್ಟು ಅವ ಅಂತ ನಿಮಗ ಗೊತ್ತ ಅದ. ಮಕ್ಕಳ ಮನಿಗೆ ಹೋದ ಮೊದಲ ವಾರದಾಗ, ಹಗಲ ಹೊತ್ತಿನಾಗ, ಬಾಗಲಾ ಹಾಕಿದ್ದಾಗ, ಅಳಿಯನ ಎದುರು ಆ ಹಗ್ಗ ಒಮ್ಮೆ ಜಗ್ಗಿ, ಬಾಗಲಾ ಕೈಲೆ ಎತ್ತಿ ರೂಢಿ ಮಾಡ್ಕೊಳ್ರಿ. ಬೆಂಕಿ ಬಂದ ರಾತ್ರಿ ಕಲೀಲಿಕ್ಕೆ ಹೊತ್ತಿರಂಗಿಲ್ಲ. ಬಾಗಲಾ ಏಳೂತನಕ ಕಾರು ಚಾಲೂ ಮಾಡಬಾರದು ಅನ್ನೂದನ್ನೂ ನೆನಪಿಡ್ರಿ. ಮುಚ್ಚಿದ ಗ್ಯಾರೇಜಿನಾಗ ಕಾರಿನ ಹೊಗಿ ಜೀವಾ ತಗೀತದ, ಅದರಾಗಿನ ವಿಷಕ್ಕ ವಾಸನಿ ಇಲ್ಲ.

ಮೋಟಾರು ತಿರುಗೂ ಸಪ್ಪಳಾ ಬಂದು ಬಾಗಲಾ ಅಲ್ಲಾಡಲಿಲ್ಲಂದ್ರೂ ಈ ಹಗ್ಗನ ನೋಡ್ರಿ. ಹುಡುಗ್ರು ಜೋತು ಬಿದ್ದು ಗಂಟು ಬಿಚ್ಚಿರ್ತಾರ. ಮತ್ತ ಹೆಂಗ ಸಿಕ್ಕಸಬೇಕು ಅನ್ನೂದು ಒಂದೊಂದು ಮೋಟಾರಿಗೆ ಒಂದೊಂದು ತರಾ. ಅದನ್ನೂ ಅವತ್ತ ಕೇಳಿ ಇಟ್ಕೊಳ್ರಿ.

ಯಾವುದು ಮೊದಲು

ಬಾಗಲಾ ಪೂರಾ ಮುನಿಸಿಕೊಂಡು, ಸಪ್ಪಳಾನೂ ಇಲ್ಲ, ದೀಪಾನೂ ಇಲ್ಲ ಅಂದ್ರ ಮೊದಲು ಕರೆಂಟು. ಛತ್ತಿನ ಪ್ಲಗ್ ಸಡಲಾಗ್ಯದೇನು ನೋಡ್ರಿ. ಅಲ್ಲಿಯ ಗ್ಯಾರೇಜಿನ ಪ್ಲಗ್ಗಿನಾಗ ಎರಡು ಸಣ್ಣ ಬಟನ್ ಇರ್ತಾವ. ಶಾಕ್ ಹೊಡೀಬಾರದಂತ ಅದು ತಾನಾಗೇ ಬಂದ್ ಆಗ್ತದ. ಹೊರಗ ಬಂದಿರೋ ಬಟನ್ ಒಳಗ ಒತ್ತಿದ್ರ ಎಷ್ಟೋ ಸಲ ಅಷ್ಟಕ್ಕ ಮುಗೀತದ. ಆಮ್ಯಾಲೆ ಗ್ವಾಡಿ ಬಟನ್ನು, ಆಮ್ಯಾಲೆ ರಿಮೋಟಿನ ಬ್ಯಾಟರಿ, ಆಮ್ಯಾಲೆ ಬಗ್ಗಿ ಕಣ್ಣು, ಆಮ್ಯಾಲೆ ಕೆಂಪು ಹಗ್ಗ. ಕಡೀಕ ತಲಿ ಎತ್ತಿ ಸ್ಪ್ರಿಂಗ್ ನೋಡೂದು, ಅದೂ ಬರೆ ಕಣ್ಣಿಂದ.

ಈಗ ನಮ್ಮ ಹುಬ್ಬಳ್ಳಿ, ಧಾರವಾಡ, ಬೆಂಗಳೂರಿನ ಹೊಸಾ ಮನಿಗೋಳಿಗೂ ಮೋಟಾರಿನ ಗೇಟು, ಮೋಟಾರಿನ ಶಟರ್ ಬರ್ಲಿಕತ್ತಾವ. ಹಾಕಸೋ ಮುಂದ ಬಣ್ಣ ಯಾವುದು ಅಂತ ಕೇಳೂಕಿಂತ ಮೊದಲು ಎರಡು ಮಾತು ಕೇಳ್ರಿ: ಅಡ್ಡ ಕೂಸು ಬಂದ್ರ ನಿಂದ್ರತದೋ ಇಲ್ಲೋ? ಕರೆಂಟ್ ಹೋದ್ರ ಕೈಲೆ ತಗೀಲಿಕ್ಕೆ ಬರ್ತದೋ ಇಲ್ಲೋ?

ತಿಂಗಳಿಗೊಮ್ಮೆ ಬಾಗಲದ ಪರೀಕ್ಷಾ ಮಾಡ್ರಿ ಅಂತ ಬಲ್ಲವರು ಹೇಳ್ತಾರ. ತಾರೀಖು ನೆನಪಿರಂಗಿಲ್ಲ ಅಂದ್ರ ಸಂಕಷ್ಟಿ ದಿನ ಇಟ್ಕೊಳ್ರಿ, ಹೆಂಗೂ ಚಂದ್ರೋದಯದ ದಾರಿ ಕಾಯ್ಕೋತ ಕೂತಿರ್ತೀರಿ. ಒಂದೂವರೆ ಇಂಚು ದಪ್ಪದ ಕಟಗಿ ತುಂಡು ಬಾಗಲದ ನಡಬರಕ ನೆಲದ ಮ್ಯಾಲೆ ಅಡ್ಡ ಇಟ್ಟು ಬಾಗಲಾ ಇಳಸ್ರಿ. ಕಟಗಿಗೆ ತಾಗಿದ ಕೂಡಲೆ ತಿರುಗಿ ಏರಬೇಕು. ಆಮ್ಯಾಲೆ ಬಾಗಲಾ ಇಳಿಯೋ ಮುಂದ ಒಂದು ಉದ್ದನ ಕಸಬರಗಿ ಕಣ್ಣಿನ ಗೆರಿಗೆ ಅಡ್ಡ ಹಿಡೀರಿ. ಆಗನೂ ಏರಬೇಕು. ಎರಡರಾಗ ಒಂದು ತಪ್ಪಿದ್ರೂ ಬಾಗಲಾ ಹಾಕಿ, ಮೋಟಾರಿನ ಪ್ಲಗ್ ತಗದು, ಹಗ್ಗ ಜಗ್ಗಿ, ರಿಪೇರಿಯವರು ಬರೂತನಕ ಕೈಲೆ ನಡಸ್ರಿ. ನಾಕು ದಿನ ತೋಳು ನೋಯ್ತಾವ, ಅಷ್ಟ.